ನೆಲದಲ್ಲೇ ಬಿಟ್ಟ ಎಣ್ಣೆ

ಮಿತವ್ಯಯವೆಂಬುದು ನಮ್ಮ ಮುಂಬಯಿ ಮನೆಗಳ ಹಳೆಯ ಅಭ್ಯಾಸ. ಕೋಣೆಯಿಂದ ಹೊರಬೀಳುವಾಗ ದೀಪ ಆರಿಸುವುದು, ಬೇಳೆ ಬೆಂದೊಡನೆ ಗ್ಯಾಸು ನಿಲ್ಲಿಸುವುದು, ಆಫೀಸಿಗೆ ಲೋಕಲ್ ಗಾಡಿಯಲ್ಲಿ ಹೋಗುವುದು – ಇವನ್ನು ನಮಗೆ ಕಲಿಸಿದ್ದು ಪರಿಸರಪ್ರೇಮವಲ್ಲ, ತಿಂಗಳ ಕೊನೆಯ ವಾರ. ಈಚೆಗೆ ಈ ಅಭ್ಯಾಸಕ್ಕೆ ಪುಣ್ಯದ ಲೇಪವೂ ಬಂದಿದೆ. ನಾವು ಉಳಿಸಿದಷ್ಟು ಇಂಧನ ಸುಡದೆ ಉಳಿಯಿತು, ಭೂಮಿಯ ಕಾವು ಅಷ್ಟು ತಗ್ಗಿತು ಎಂಬ ನಂಬಿಕೆ ಅದು.

ಈ ಲೆಕ್ಕ ಅಷ್ಟು ಸರಳವಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ಇದನ್ನು ಗುರುತಿಸಿದ್ದ. ಉಗಿಯಂತ್ರ ಸುಧಾರಿಸಿ ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದಾಗ ದೇಶದ ಕಲ್ಲಿದ್ದಲಿನ ಖರ್ಚು ಇಳಿಯಲಿಲ್ಲ, ಏರಿತು. ಉಗಿ ಅಗ್ಗವಾದಂತೆ ಅದನ್ನು ಬಳಸುವ ಕಾರ್ಖಾನೆಗಳೂ ಹೆಚ್ಚಿದವು. ಇಂದಿಗೂ ಕಥೆ ಅದೇ. ಒಬ್ಬರು ಕೊಳ್ಳದ ಎಣ್ಣೆಯ ಬೆಲೆ ಕೊಂಚ ಇಳಿಯುತ್ತದೆ, ಇಳಿದ ಬೆಲೆಗೆ ಇನ್ನೊಬ್ಬರು ಕೊಳ್ಳುತ್ತಾರೆ. ಸೂರ್ಯನ ಬೆಳಕಿನಿಂದ ವಿದ್ಯುತ್ತು ತೆಗೆಯುವ ಸ್ಥಾವರಗಳು ಭರದಿಂದ ಏಳುತ್ತಿದ್ದರೂ 2024ರಲ್ಲಿ ಜಗತ್ತು ಸುಟ್ಟ ಕಲ್ಲಿದ್ದಲು ಹಿಂದಿನ ಯಾವ ವರ್ಷಕ್ಕಿಂತಲೂ ಹೆಚ್ಚು. ಉಳಿತಾಯ ಪೂರಾ ವ್ಯರ್ಥವೆಂದಲ್ಲ. ಅದರ ಒಂದು ಪಾಲನ್ನು ಬೆಳೆಯುವ ಆರ್ಥಿಕತೆ ನುಂಗಿಬಿಡುತ್ತದೆ.

ಹಾಗಾದರೆ ಎಣ್ಣೆಯನ್ನು ನೆಲದಿಂದ ತೆಗೆಯದೆಯೇ ಬಿಟ್ಟರೆ? ದಕ್ಷಿಣ ಅಮೆರಿಕದ ಪುಟ್ಟ ದೇಶ ಈಕ್ವೆಡಾರ್ ಈ ಪ್ರಶ್ನೆಯನ್ನು ಲೋಕದ ಮುಂದಿಟ್ಟಿತು. ಅಲ್ಲಿನ ಯಾಸುನಿ ಅರಣ್ಯದ ಕೆಳಗೆ ಸುಮಾರು 85 ಕೋಟಿ ಪೀಪಾಯಿ ಎಣ್ಣೆಯಿದೆ. ನಾವು ಅದನ್ನು ಮುಟ್ಟುವುದಿಲ್ಲ, ನಮಗಾಗುವ ನಷ್ಟದ ಅರ್ಧವನ್ನು, ಅಂದರೆ 360 ಕೋಟಿ ಡಾಲರನ್ನು, ನೀವು ತುಂಬಿಕೊಡಿ ಎಂದು ಅಧ್ಯಕ್ಷ ಕೊರೆಯಾ 2007ರಲ್ಲಿ ಕೇಳಿದರು. ಹೊಗಳಿಕೆ ಬೇಕಾದಷ್ಟು ಬಂತು. 2013ರವರೆಗೆ ಕೈಸೇರಿದ ಹಣ ಸುಮಾರು 1 ಕೋಟಿ 30 ಲಕ್ಷ ಡಾಲರು! ಯೋಜನೆ ರದ್ದಾಯಿತು, 2016ರಲ್ಲಿ ಎಣ್ಣೆ ತೆಗೆಯುವುದು ಶುರುವಾಯಿತು.

ಇಂಥ ಸಂದರ್ಭದಲ್ಲಿ ಎಲ್ಲ ದೇಶಗಳೂ ಒಪ್ಪಿಸುವ ಪಾಠ ಒಂದೇ: ನಾವು ಬಿಟ್ಟರೆ ಇನ್ನೊಬ್ಬರು ತೆಗೆಯುತ್ತಾರೆ. ಲಂಚ ತೆಗೆದುಕೊಳ್ಳುವ ಗುಮಾಸ್ತನ ಸಮಾಧಾನವೂ ಇದೇ ಅಲ್ಲವೆ? ಲೆಕ್ಕದ ಮಟ್ಟಿಗೂ ಇದು ಅರ್ಧಸತ್ಯ. ಪೇಟೆಗೆ ಬಾರದ ಎಣ್ಣೆಯಿಂದ ಬೆಲೆ ತುಸು ಏರುತ್ತದೆ, ಏರಿದಾಗ ಜನ ತುಸು ಕಡಿಮೆ ಸುಡುತ್ತಾರೆ. ಬಿಟ್ಟದ್ದನ್ನೆಲ್ಲ ಬೇರೆ ಬಾವಿಗಳು ತುಂಬಿಕೊಡಲಾರವು.

ಆದರೆ ಬಡವನಿಗೆ ಮೊದಲು ಉಪವಾಸ ಹೇಳುವ ಹಕ್ಕು ಯಾರಿಗಿದೆ? 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ, ಕಲ್ಲಿದ್ದಲನ್ನು ಹಂತಹಂತವಾಗಿ ‘ನಿಲ್ಲಿಸುವ’ ಬದಲು ‘ತಗ್ಗಿಸುವ’ ಎಂದು ಬರೆಯಿರೆಂದು ಭಾರತ ಪಟ್ಟುಹಿಡಿದಾಗ ಶ್ರೀಮಂತ ದೇಶಗಳು ಮುಖ ಸಿಂಡರಿಸಿದವು. ಆ ವಾಕ್ಯದಲ್ಲಿ ತಮ್ಮ ಎಣ್ಣೆಯ ಹೆಸರೇ ಇರಲಿಲ್ಲವೆಂಬುದು ಅವಕ್ಕೆ ನೆನಪಾಗಲಿಲ್ಲ. ತಲಾ ಲೆಕ್ಕದಲ್ಲಿ ಒಬ್ಬ ಅಮೆರಿಕನ್ ಹೊರಬಿಡುವ ಇಂಗಾಲದ ಹೊಗೆ ಒಬ್ಬ ಭಾರತೀಯನದಕ್ಕಿಂತ ಆರೇಳು ಪಟ್ಟು. ಆದ್ದರಿಂದ ಭಾರತದ ಆ ಹಟವನ್ನು ನಾನು ತಪ್ಪೆನ್ನಲಾರೆ.

ನನ್ನನ್ನು ಕಾಡುವುದು ಬೇರೆ. ಆ ಸರಾಸರಿ ಅಷ್ಟು ಕೆಳಗಿರುವುದು ಯಾರಿಂದ? ಊರಿನಲ್ಲಿ ಇನ್ನೂ ಸೌದೆ ಒಲೆ ಊದುತ್ತಿರುವವರಿಂದ. ಎರಡು ಕೋಣೆಗೆ ಎರಡು ಏರ್‌ಕಂಡೀಷನರ್ ಹಾಕಿಸಿಕೊಂಡ ನಾವು ಆ ಬಡತನವನ್ನು ಕೊಡೆಯಂತೆ ಹಿಡಿದು ಅದರ ನೆರಳಲ್ಲಿ ನಿಂತಿದ್ದೇವೆ. ಬಡದೇಶಕ್ಕೆ ಸಲ್ಲಬೇಕಾದ ರಿಯಾಯಿತಿ ಅದರ ಉಳ್ಳವರಿಗೂ ಸಲ್ಲುತ್ತದೆಯೆ? ಸಲ್ಲದೆಂದೇ ನನ್ನ ಎಣಿಕೆ.

ಈಕ್ವೆಡಾರಿನ ಕಥೆ 2013ಕ್ಕೆ ಮುಗಿಯಲಿಲ್ಲ. 2023ರ ಆಗಸ್ಟಿನಲ್ಲಿ ಅಲ್ಲಿ ಜನಮತ ಸಂಗ್ರಹ ನಡೆದು, ನೂರಕ್ಕೆ ಸುಮಾರು 59 ಮಂದಿ ಯಾಸುನಿಯ ಎಣ್ಣೆಯನ್ನು ನೆಲದಲ್ಲೇ ಬಿಡಿ ಎಂದರು. ಬಾವಿ ಮುಚ್ಚುವ ಕೆಲಸವನ್ನು ಸರ್ಕಾರ 2024ರಲ್ಲಿ ಆರಂಭಿಸಿತಾದರೂ ಅದರದು ಆಮೆನಡಿಗೆ. ಮತದ ಚೀಟಿಯಲ್ಲಿ ಈ ಸಲ ಪರಿಹಾರದ ಷರತ್ತು ಇರಲಿಲ್ಲ.