‘ಸಾರಿ’ ಎಂದರೆ ನೋವು

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದ್ದೀರಾ? ಇಳಿಯುವಷ್ಟರಲ್ಲಿ ಒಂದು ಇಂಗ್ಲಿಷ್ ಪದ ಹತ್ತು ಬಾರಿಯಾದರೂ ಕಿವಿಗೆ ಬೀಳುತ್ತದೆ: ‘ಸಾರಿ’. ಈಚೆಗೆ ಯುವಕನೊಬ್ಬ ಅಜ್ಜಿಯೊಬ್ಬರ ಕಾಲು ತುಳಿದು, ಅವರ ಮುಖವನ್ನೂ ನೋಡದೆ ‘ಸಾರಿ’ ಎಂದ. ‘ಎಷ್ಟು ಸಾರಿ ತುಳೀತೀಯಪ್ಪಾ?’ ಎಂದರು ಅಜ್ಜಿ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಈ ಪದ ‘ಸಾರಿಗ್’ ಎಂದಿತ್ತು. ‘ಸಾರ್’ ಎಂದರೆ ನೋವು, ಗಾಯ. ಗಂಟಲುನೋವಿಗೆ ಇಂದಿಗೂ ‘ಸೋರ್ ಥ್ರೋಟ್’ ಎನ್ನುತ್ತಾರಲ್ಲ, ಆ ‘ಸೋರ್’ ಇದರ ಒಡಹುಟ್ಟು. ದುಃಖ ಎಂಬರ್ಥದ ‘ಸಾರೋ’ ಇದರ ತಾಯಿಯೆಂದು ಅನೇಕರು ಭಾವಿಸುತ್ತಾರೆ. ಅದು ಬೇರೆ ಮನೆಯ ಪದ, ಹೋಲಿಕೆಯಿಂದ ಹತ್ತಿರ ಬಂದದ್ದು. ಹಾಗಾದರೆ ‘ಸಾರಿ’ ಎಂದವನು ಮೂಲದಲ್ಲಿ ಹೇಳುತ್ತಿದ್ದುದು ‘ನನಗೆ ನೋವಾಗಿದೆ’ ಎಂದು. ಈಗ ಮಾತು ಕೇಳಿಸದಿದ್ದರೂ ‘ಸಾರಿ?’, ಸಾವಿನ ಮನೆಯಲ್ಲೂ ‘ಸಾರಿ’. ಪದ ಸವೆದುಹೋಗಿದೆ.

ನಮ್ಮ ‘ಪಶ್ಚಾತ್ತಾಪ’ ಇನ್ನೂ ಸವೆದಿಲ್ಲ. ಪಶ್ಚಾತ್ ಎಂದರೆ ಆಮೇಲೆ, ತಾಪ ಎಂದರೆ ಬೇಗೆ. ಮಾಡಿದ ಮೇಲೆ ಒಳಗೆ ಸುಡುವುದು. ಪಾಪನಿವೇದನೆಗೆ ಬರುವ ಮುನ್ನ ಧರ್ಮಸಭೆ ನಮ್ಮಿಂದ ಕೇಳುವುದು ಈ ಬೇಗೆಯನ್ನೇ.

ಕಬಿನಿ ನಾಲೆಯ ನೀರಿಗಾಗಿ ಜಗಳವಾಡಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರನ್ನು ಬಲ್ಲೆ. ತಮ್ಮನ ಸರದಿಯ ರಾತ್ರಿ ಅಣ್ಣ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡಿದ್ದರು. ‘ಫೋನಿನಲ್ಲಿ ಸಾರಿ ಅಂದೆನಲ್ಲಾ ಫಾದರ್, ಇನ್ನೇನು ಮಾಡಬೇಕು?’ ಎಂದು ನನ್ನನ್ನೇ ಕೇಳಿದರು. ತಮ್ಮನ ಮಾತು ಬೇರೆ: ‘ಸಾರಿ ಅಂದ್ರು. ಪೈರು ಏನಾಯ್ತು ಅಂತ ಕೇಳ್ಲೇ ಇಲ್ಲ.’

ನಾನು ಉಪದೇಶ ಮಾಡಲಿಲ್ಲ. ಸಂತ ಲೂಕರ ಶುಭಸಂದೇಶದ ಜಕ್ಕಾಯನ ಕಥೆ ನೆನಪಿಸಿದೆ, ಅಷ್ಟೆ. ಆತ ಪ್ರಭುವಿನ ಮುಂದೆ ಕ್ಷಮೆಯ ಮಾತನ್ನೇ ಆಡುವುದಿಲ್ಲ, ಗಮನಿಸಿದ್ದೀರಾ? ಮೋಸದಿಂದ ಕಸಿದಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎನ್ನುತ್ತಾನೆ. ಯೇಸು ಅವನ ಮನೆಗೆ ರಕ್ಷಣೆ ಬಂತೆಂದು ಸಾರುತ್ತಾರೆ.

ಮುಂದಿನ ಸರದಿಯಲ್ಲಿ ಅಣ್ಣ ತಾವೇ ಟಾರ್ಚು ಹಿಡಿದು ಹೋಗಿ, ತಮ್ಮನ ಗದ್ದೆಗೆ ನೀರು ಬಿಟ್ಟು, ಬೆಳಗಿನವರೆಗೆ ಕಾದರಂತೆ.

‘ಏನಾದರೂ ಹೇಳಿದರೇ?’ ಎಂದು ತಮ್ಮನನ್ನು ಕೇಳಿದೆ.

‘ಏನೂ ಹೇಳ್ಲಿಲ್ಲ ಫಾದರ್. ಬದಿನ ಮೇಲೆ ಪಕ್ಕದಲ್ಲಿ ಕೂತ್ಕೊಂಡು ಒಂದು ಬೀಡಿ ಕೇಳಿದ್ರು.’