ಆಟದ ಪೆಟ್ಟಿಗೆಯೂ ಪರಿಗ್ರಹ ಪರಿಮಾಣವೂ

ದಶಲಕ್ಷಣ ಪರ್ವವು ಸಮೀಪಿಸುತ್ತಿದ್ದಂತೆ ಶ್ರಾವಕರ ಮನೆಗಳಲ್ಲಿ ಯಾರು ಎಷ್ಟು ಉಪವಾಸ, ಯಾರು ಏಕಭುಕ್ತ, ಯಾರಿಗೆ ಯಾವ ರಸದ ತ್ಯಾಗ ಎಂಬ ಮಾತು ನಡೆಯುವುದು ಸಹಜ. ಬಿಟ್ಟದ್ದನ್ನು ಎಣಿಸುವ ಈ ಅಭ್ಯಾಸವು ಒಳ್ಳೆಯದೇ. ಆದರೆ ಬಿಡದೆ ಉಳಿಸಿಕೊಂಡದ್ದು ಎಷ್ಟು ಎಂದು ಎಣಿಸುವ ಅಭ್ಯಾಸವು ಅಷ್ಟು ಬಳಕೆಯಲ್ಲಿಲ್ಲ. ಪರ್ವದ ಒಂಬತ್ತನೆಯ ದಿನವಾದ ಉತ್ತಮ ಆಕಿಂಚನ್ಯವು ಕೇಳುವುದು ಈ ಎರಡನೆಯ ಲೆಕ್ಕವನ್ನೇ. ಹೊಲ, ಮನೆ, ಬಂಗಾರಗಳ ವಿಷಯದಲ್ಲಿ ಈ ಲೆಕ್ಕ ಸುಲಭ. ಆಟದ ಸಾಮಗ್ರಿಯಂಥ ನಿರುಪದ್ರವಿ ವಸ್ತುವಿನ ವಿಷಯದಲ್ಲಿ ಅದು ಹೇಗೆ ಅನ್ವಯಿಸುತ್ತದೆ ಎಂಬುದು ಇಲ್ಲಿ ವಿಚಾರಣೀಯ.

ತುಳುನಾಡಿನ ಹಳೆಯ ಮನೆಗಳಲ್ಲಿ ಆಟಿ ತಿಂಗಳ ಮಳೆ ಹೊರಗೆ ಸುರಿಯುತ್ತಿರುವಾಗ ಒಳಗೆ ಚೆನ್ನೆಮಣೆಯ ಆಟ ನಡೆಯುತ್ತಿತ್ತು. ಎರಡು ಸಾಲಿನಲ್ಲಿ ಏಳೇಳು ಕುಳಿ, ಕುಳಿಗೆ ನಾಲ್ಕರಂತೆ 56 ಕಾಯಿ; ಆಟದ ಸಂಪತ್ತು ಇಷ್ಟೇ. ಘಟ್ಟದ ಮೇಲಿನವರು ಅದನ್ನೇ ಅಳಿಗುಳಿಮಣೆ ಎನ್ನುವರು. ಮಳೆ ಕಳೆದ ಮೇಲೆ ಮಣೆಯು ಅಟ್ಟ ಸೇರುತ್ತಿತ್ತು. ಮನೆಗೊಂದು ಮಣೆ, ಅಜ್ಜಿ ಆಡಿದ್ದನ್ನೇ ಮೊಮ್ಮಗಳೂ ಆಡಿದಳು. ಎರಡನೆಯ ಮಣೆ ಬೇಕೆಂಬ ಯೋಚನೆ ಯಾರಿಗೂ ಬರಲಿಲ್ಲ.

ಅಂಥ ಮನೆಯಲ್ಲಿ ಹುಟ್ಟಿ, ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಒಬ್ಬ ಗೃಹಸ್ಥನನ್ನು ಉದಾಹರಣೆಗಾಗಿ ಭಾವಿಸಿಕೊಳ್ಳಬಹುದು. ಆತನು ರಾತ್ರಿಭೋಜನವನ್ನು ಬಿಟ್ಟವನು, ಗೆಡ್ಡೆಗೆಣಸುಗಳನ್ನು ತಿನ್ನದವನು, ಮದ್ಯದ ಕೂಟಗಳಿಂದ ದೂರವಿರುವವನು. ಆತನಿಗೆ ಇರುವುದು ಒಂದೇ ಹವ್ಯಾಸ. ಶನಿವಾರ ನಾಲ್ವರು ಮಿತ್ರರು ಸೇರಿ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಮೇಜಿನ ಮೇಲೆ ಹಾಸು ಹರಡಿ ಆಡುತ್ತಾರೆ. ಇವು ಈ ಕಾಲದ ಆಟಗಳು. ಜರ್ಮನಿ, ಅಮೆರಿಕಗಳಲ್ಲಿ ರಚಿತವಾಗಿ ಪೆಟ್ಟಿಗೆಗಳಲ್ಲಿ ಬರುವಂಥವು. ಮನೆಯ ಒಂದು ಗೋಡೆಯ ಉದ್ದಕ್ಕೂ ಕಪಾಟುಗಳಿವೆ. ಅವುಗಳಲ್ಲಿ 140 ಪೆಟ್ಟಿಗೆಗಳಿದ್ದು, ಅರ್ಧಕ್ಕೂ ಹೆಚ್ಚಿನವು ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇವೆ ಎಂದಿಟ್ಟುಕೊಳ್ಳೋಣ. ಕೆಳಗಿನ ಸಾಲಿನಲ್ಲಿ ಒಂದೊಂದಾಗಿ ಪಾರದರ್ಶಕ ಕವಚ ತೊಡಿಸಿದ ಚಿತ್ರದ ಕಾರ್ಡುಗಳು, ಗಾಜಿನ ಹಿಂದೆ ಬಣ್ಣ ಹಚ್ಚಿದ ಪುಟ್ಟ ಯೋಧರ ಬೊಂಬೆಗಳು.

ಪರ್ವಕ್ಕೆಂದು ಊರಿನಿಂದ ಬಂದ ತಾಯಿ ಆ ಗೋಡೆಯ ಮುಂದೆ ನಿಂತು, “ಇಷ್ಟನ್ನೂ ನೀನು ಆಡುತ್ತೀಯಾ ಮಗ?” ಎಂದು ಕೇಳುತ್ತಾಳೆ. “ಸಮಯ ಸಿಕ್ಕಾಗ ಆಡಬೇಕಮ್ಮ” ಎಂಬುದು ಮಗನ ಉತ್ತರ. ಆಕಿಂಚನ್ಯದ ದಿನ ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಬೇಕೆಂದು ಆತನು ನಿವೇಶನ, ಹಣ, ಆಭರಣ, ವಾಹನಗಳ ಪಟ್ಟಿಯನ್ನು ಆಗಲೇ ಬರೆದಿಟ್ಟಿದ್ದಾನೆ. ಆ ಗೋಡೆಗೆ ಮಾತ್ರ ಪಟ್ಟಿಯಲ್ಲಿ ಸ್ಥಾನವಿಲ್ಲ. ಅದು ಆಸ್ತಿಯಲ್ಲ, ಕೇವಲ ಆಟ ಎಂಬುದು ಆತನ ಭಾವನೆ. ಈ ಭಾವನೆ ಸರಿಯೇ?

ಮೊದಲಿಗೆ ಆಟವೇ ದೋಷವೆಂದು ಹೇಳಲಾಗದು. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಹೊಸ ಹೊಸ ಮಣೆಯಾಟಗಳನ್ನು ರಚಿಸಿದರು. ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆಟಗಳ ನಿರೂಪಣೆಯೇ ಇದೆ. ಉತ್ತರ ಹಾಗೂ ಪಶ್ಚಿಮ ಭಾರತದ ಜೈನರಲ್ಲಿ ಜ್ಞಾನಬಾಜಿ ಅಥವಾ ಜ್ಞಾನಚೌಪಡ ಎಂಬ ಹಾಸು ಬಳಕೆಯಲ್ಲಿತ್ತು. ಸಾಮಾನ್ಯವಾಗಿ 84 ಮನೆಗಳುಳ್ಳ ಆ ಹಾಸಿನಲ್ಲಿ ಪುಣ್ಯವು ಏಣಿ, ಪಾಪವು ಹಾವು, ಮೇಲ್ತುದಿಯಲ್ಲಿ ಸಿದ್ಧರ ನೆಲೆ. ಇಂಥ ಭಾರತೀಯ ಹಾಸುಗಳೇ 19ನೆಯ ಶತಮಾನದ ಕೊನೆಗೆ ಇಂಗ್ಲೆಂಡಿಗೆ ಹೋಗಿ, ಅರ್ಥವನ್ನು ಬಹುಮಟ್ಟಿಗೆ ಕಳೆದುಕೊಂಡು, ಮಕ್ಕಳ ಹಾವು-ಏಣಿ ಆಟವಾದವು. ಮನೆಯವರೆಲ್ಲ ಒಟ್ಟಿಗೆ ಕೂಡುವ, ಸೋಲನ್ನು ಸಮಾಧಾನದಿಂದ ಸ್ವೀಕರಿಸಲು ಕಲಿಸುವ ಆಟವನ್ನು ವ್ಯಸನವೆಂದು ತಳ್ಳುವುದು ವಿವೇಕವಲ್ಲ.

ಆದರೆ ಸಪ್ತವ್ಯಸನಗಳಲ್ಲಿ ದ್ಯೂತವೇ ಮೊದಲನೆಯದು. ಎಲ್ಲಿ ಪಣವಿದೆಯೋ ಅಲ್ಲಿ ದ್ಯೂತವಿದೆ. ಮನೋವಿನೋದಕ್ಕಾಗಿ ಒಡ್ಡಿದ ಪಣವೂ ದ್ಯೂತತ್ಯಾಗಿಗೆ ದೋಷವೇ ಎಂದು ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಎಚ್ಚರಿಸಿದ್ದಾರೆ. ಈ ಎಚ್ಚರಿಕೆ ಈಗಿನ ಕಾರ್ಡುಗಳ ಆಟಕ್ಕೆ ನೇರವಾಗಿ ತಗಲುತ್ತದೆ. ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ಎಂಬವರು ರಚಿಸಿ 1993ರಲ್ಲಿ ಹೊರಬಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಟದ ಮೊದಲ ನಿಯಮಗಳಲ್ಲಿ ಇಬ್ಬರು ಆಟಗಾರರೂ ಒಂದೊಂದು ಕಾರ್ಡನ್ನು ಪಣವಾಗಿಟ್ಟು, ಗೆದ್ದವನು ಅದನ್ನು ಒಯ್ಯುವ ವಿಧಾನವಿತ್ತು. ಅದನ್ನು ಪ್ರಕಾಶಕರೇ ಮುಂದೆ ಕೈಬಿಟ್ಟರು. ಆದರೆ ಮೇಜಿನಿಂದ ಎದ್ದ ಪಣವು ಅಂಗಡಿಯಲ್ಲಿ ಉಳಿದುಕೊಂಡಿತು. ಮುಚ್ಚಿದ ಪೊಟ್ಟಣವನ್ನು ಕೊಳ್ಳುವವನಿಗೆ ಒಳಗೆ ಯಾವ ಕಾರ್ಡುಗಳಿವೆ ಎಂಬುದು ತಿಳಿಯದು. ದೊರೆಯುವುದು ಸಾಧಾರಣವೋ ದುರ್ಲಭವೋ ಎಂಬ ಕಾತರದಿಂದ ಒಂದನ್ನು ಹರಿಯುತ್ತಾನೆ. ಬಯಸಿದ್ದು ಬರಲಿಲ್ಲವೆಂದು ಮತ್ತೊಂದನ್ನು ಹರಿಯುತ್ತಾನೆ. ಈ ಕಾತರಕ್ಕೂ ದಾಳ ಎಸೆಯುವ ಜೂಜುಗಾರನ ಕಾತರಕ್ಕೂ ಎಷ್ಟು ಅಂತರ? ಗಣಕಯಂತ್ರದ ಆಟಗಳಲ್ಲಿ ಹಣಕ್ಕೆ ಮಾರುವ ಇಂಥ ಅದೃಷ್ಟದ ಪೆಟ್ಟಿಗೆಗಳನ್ನು ಬೆಲ್ಜಿಯಂ ದೇಶದ ಅಧಿಕಾರಿಗಳು 2018ರಲ್ಲಿ ಜೂಜೆಂದೇ ಪರಿಗಣಿಸಿದರು. ಕಾಗದದ ಕಾರ್ಡುಗಳಿಗೆ ಆ ನಿರ್ಣಯವು ಅನ್ವಯಿಸದು. ಆದರೂ ಶ್ರಾವಕನು ಕಾನೂನು ಬರುವತನಕ ಕಾಯಬೇಕಾಗಿಲ್ಲ.

ಯೋಧರ ಬೊಂಬೆಗಳ ವಿಷಯದಲ್ಲಿ ಕನ್ನಡದ ಜೈನರಿಗೆ ಒಡನೆ ನೆನಪಾಗುವುದು ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆ. ಯಶೋಧರನು ಕೊಂದದ್ದು ಜೀವವಿರುವ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಆತನೂ ತಾಯಿಯೂ ಜನ್ಮಜನ್ಮಗಳಲ್ಲಿ ತೊಳಲಿದರು. ಹಾಗಾದರೆ ಚದುರಂಗದಲ್ಲಿ ಕಾಯಿ ಹೊಡೆಯುವುದೂ ಸಂಕಲ್ಪ ಹಿಂಸೆಯೇ? ಅಲ್ಲವೆಂದೇ ಹೇಳಬೇಕು. ಹಿಟ್ಟಿನ ಕೋಳಿಯನ್ನು ದೇವಿಗೆ ಒಪ್ಪಿಸಿದ್ದು ವಧೆಯ ಭಾವದಿಂದ. ಜೀವಬಲಿಗೆ ಬದಲಾಗಿಯೇ ಅದನ್ನು ಮಾಡಿದ್ದು. ಚದುರಂಗದ ಕಾಯಿ ಹೊಡೆಯುವವನಲ್ಲಿ ಇರುವುದು ಲೆಕ್ಕಾಚಾರ, ವಧೆಯ ಭಾವವಲ್ಲ. ಆದರೆ ಕೊಲ್ಲುವ ಕಲ್ಪನೆಯಲ್ಲಿ ರುಚಿ ಹುಟ್ಟಿಸುವುದೇ ಯಾವ ಆಟದ ಉದ್ದೇಶವೋ ಅದು ಅನರ್ಥದಂಡದ ಅಪಧ್ಯಾನಕ್ಕೆ ಸಮೀಪವಾದುದು. ಇದನ್ನು ಹೊರಗಿನಿಂದ ಅಳೆಯಲು ಬಾರದು. ಆಡುವವನೇ ತನ್ನ ಪರಿಣಾಮಗಳನ್ನು ನೋಡಿಕೊಳ್ಳಬೇಕು.

ಇನ್ನು ಮುಖ್ಯ ಪ್ರಶ್ನೆ ಸಂಗ್ರಹದ್ದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗ, ಉಪಭೋಗಗಳ ಭೇದವನ್ನು ತಿಳಿಸಿದ್ದಾರೆ. ಅನ್ನದಂತೆ ಒಮ್ಮೆ ಅನುಭವಿಸಿ ಬಿಡುವಂಥದು ಭೋಗ; ವಸ್ತ್ರದಂತೆ ಮತ್ತೆ ಮತ್ತೆ ಅನುಭವಿಸುವಂಥದು ಉಪಭೋಗ. ಆಡುವ ಆಟವು ನಿಸ್ಸಂದೇಹವಾಗಿ ಉಪಭೋಗ. ಮುಚ್ಚಿದ ಪೊಟ್ಟಣವನ್ನು ಹರಿಯುವ ಸುಖವು ಆ ಕ್ಷಣಕ್ಕೇ ತೀರಿಹೋಗುವುದರಿಂದ ಅದು ಭೋಗ. ಆದರೆ ವರ್ಷಗಟ್ಟಲೆ ಬಿಚ್ಚದೆ ಇಟ್ಟ ಪೆಟ್ಟಿಗೆ ಯಾವುದು? ಅದು ಭೋಗವೂ ಅಲ್ಲ, ಉಪಭೋಗವೂ ಅಲ್ಲ. ಅದರಿಂದ ಕಣ್ಣಿಗಾಗಲಿ ಕೈಗಾಗಲಿ ಬುದ್ಧಿಗಾಗಲಿ ಯಾವ ಪ್ರಯೋಜನವೂ ಒದಗಿಲ್ಲ. ಅದರೊಂದಿಗೆ ಒಡೆಯನಿಗಿರುವ ಸಂಬಂಧ ಒಂದೇ: ‘ಇದು ನನ್ನದು’ ಎಂಬ ಭಾವ. ಮೂರ್ಛೆಯೇ ಪರಿಗ್ರಹವೆಂಬ ತತ್ತ್ವಾರ್ಥಸೂತ್ರದ ಲಕ್ಷಣಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆಯನ್ನು ಹುಡುಕುವುದು ಕಷ್ಟ. ಹೊಲದಲ್ಲಿ ಮೂರ್ಛೆಯೊಂದಿಗೆ ಬೆಳೆಯೂ ಇದೆ, ಮನೆಯಲ್ಲಿ ಮೂರ್ಛೆಯೊಂದಿಗೆ ನೆರಳೂ ಇದೆ. ಬಿಚ್ಚದ ಪೆಟ್ಟಿಗೆಯಲ್ಲಿ ಮೂರ್ಛೆಯನ್ನು ಬಿಟ್ಟು ಬೇರೇನೂ ಇಲ್ಲ. ಆದ್ದರಿಂದ ಆ ಗೋಡೆಗೆ ಪಟ್ಟಿಯಲ್ಲಿ ಸ್ಥಾನವಿಲ್ಲವೆಂಬುದು ತಪ್ಪು. ಅದಕ್ಕೆ ಮೊದಲ ಸ್ಥಾನ ಸಲ್ಲಬೇಕು.

ಅದೇ ಗ್ರಂಥವು ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿ ಅತಿಸಂಗ್ರಹವನ್ನು ಹೇಳಿ, ಅದರ ಬಳಿಯಲ್ಲೇ ವಿಸ್ಮಯವನ್ನೂ ಲೋಭವನ್ನೂ ಹೇಳುತ್ತದೆ. ಪರರ ಸಂಪತ್ತನ್ನು ಕಂಡು ಬೆರಗಾಗುವುದೂ ವ್ರತಕ್ಕೆ ಮಲಿನತೆ ಎಂಬುದು ಗಮನಾರ್ಹ. ಸಂಗ್ರಾಹಕರು ಒಬ್ಬರು ಮತ್ತೊಬ್ಬರ ಕಪಾಟಿನ ಚಿತ್ರಗಳನ್ನು ದಿನವೂ ನೋಡಿ ನಿಟ್ಟುಸಿರಿಡುವುದು ಈ ಅತಿಚಾರವೇ. ಒಂದೇ ಒಂದು ಪ್ರತಿ ಮುದ್ರಿಸಿದ ಕಾರ್ಡೊಂದು 2023ರಲ್ಲಿ 20 ಲಕ್ಷ ಡಾಲರಿಗೆ ಕಡಿಮೆಯಿಲ್ಲದ ಬೆಲೆಗೆ ಮಾರಾಟವಾಯಿತು. ಹಾಳೆಯೂ ಮಸಿಯೂ ಇತರ ಕಾರ್ಡುಗಳಿಗೆ ಬಳಸಿದಂಥವೇ. ಹೆಚ್ಚಿದ್ದು ‘ಬೇರೆಯವರಲ್ಲಿ ಇಲ್ಲ’ ಎಂಬ ಒಂದು ಭಾವಕ್ಕೆ ಕಟ್ಟಿದ ಬೆಲೆ. ಇನ್ನು ಕಾರ್ಡಿನ ಮೂಲೆ ಮಡಿಸೀತು, ಪೆಟ್ಟಿಗೆಗೆ ತೇವ ತಗಲೀತು, ನೆಂಟರ ಮಗು ಕೈ ಹಾಕೀತು ಎಂಬ ನಿರಂತರ ಕಾವಲು. ವಿಷಯ ಸಂರಕ್ಷಣೆಯಲ್ಲೇ ಮಗ್ನವಾಗುವುದನ್ನು ಶಾಸ್ತ್ರವು ರೌದ್ರಧ್ಯಾನದಲ್ಲಿ ಸೇರಿಸಿದೆ. ಮಗುವು ಆಟದ ಸಾಮಾನನ್ನು ಮುಟ್ಟಿತೆಂದು ಹಿರಿಯನು ಸಿಡುಕುವ ಮನೆಯಲ್ಲಿ ಆಟವು ಯಾರಿಗಾಗಿ ಇದೆ?

ಇದಕ್ಕೆ ಆ ಗೃಹಸ್ಥನ ಪರವಾದ ವಾದವೂ ಇದೆ. ಸ್ವಂತ ದುಡಿಮೆಯ ಹಣ, ಯಾರಿಗೂ ಮೋಸವಿಲ್ಲ. ಮಹಾನಗರದ ಒಂಟಿತನದಲ್ಲಿ ಈ ಆಟಗಳಿಂದಲೇ ಸ್ನೇಹಿತರು ದೊರೆತಿದ್ದಾರೆ. ಇವು ಸುಳ್ಳಲ್ಲ. ಆದರೆ ಸ್ನೇಹವನ್ನು ತಂದದ್ದು ಆಡಿದ ಹತ್ತಿಪ್ಪತ್ತು ಆಟಗಳೇ ಹೊರತು ಬಿಚ್ಚದ ಎಪ್ಪತ್ತು ಪೆಟ್ಟಿಗೆಗಳಲ್ಲ. ಕಾಪಿಟ್ಟದ್ದು ಮುಂದಿನವರಿಗೆ ಉಪಯೋಗವಾದೀತು ಎಂಬ ವಾದಕ್ಕೆ ಮೂಡಬಿದಿರೆಯ ದೃಷ್ಟಾಂತವನ್ನೂ ಕೊಡಬಹುದು. ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳು ಅಲ್ಲಿಯ ಗುರುಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಮೀಸಲಾಗಿದ್ದುದರಿಂದಲ್ಲವೇ ಉಳಿದವು? ನಿಜ. ಆದರೆ ಅವನ್ನು ಕಾದವರು ತಮ್ಮದೆಂದು ಕಾಯಲಿಲ್ಲ, ಸಂಘದ ಸೊತ್ತೆಂದು ಕಾದರು. ಆ ಕಾವಲಿನ ಫಲವು ಲೋಕಕ್ಕೆ ದೊರೆತದ್ದು ಓಲೆಗಳನ್ನು ಬಿಚ್ಚಿ, ಪ್ರತಿ ಮಾಡಿ, 1939ರಿಂದ ಧವಲೆಯನ್ನು ಮುದ್ರಿಸತೊಡಗಿದಾಗಲೇ.

ಪಾಪವಲ್ಲದ್ದನ್ನು ಏಕೆ ಬಿಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಅನುಭವಿಸಲು ಯೋಗ್ಯವಾದ ವಿಷಯದಿಂದಲೂ ತಿಳಿದು ಸಂಕಲ್ಪಿಸಿ ನಿವೃತ್ತನಾಗುವುದೇ ವ್ರತವೆಂದು ಸಮಂತಭದ್ರರ ಅಭಿಪ್ರಾಯ. ಹೇಗೂ ಬಿಡಲೇಬೇಕಾದುದನ್ನು ಬಿಡುವುದು ಕರ್ತವ್ಯವಷ್ಟೆ. ಉಪವಾಸಕ್ಕೂ ಇದೇ ಮಾತು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ, ಐದು ಇಂದ್ರಿಯಗಳೂ ತಮ್ಮ ತಮ್ಮ ವಿಷಯಗಳ ಉತ್ಸುಕತೆಯನ್ನು ಬಿಟ್ಟು ನೆಲೆಸುವುದನ್ನು ಉಪವಾಸವೆಂದಿದ್ದಾರೆ. ಅಷ್ಟಮಿಯಂದು ಅನ್ನವನ್ನು ಬಿಟ್ಟು, ರಾತ್ರಿಯೆಲ್ಲ ದೂರವಾಣಿಯ ಪರದೆಯಲ್ಲಿ ಯಾವುದೋ ಕಾರ್ಡಿನ ಹರಾಜನ್ನು ಕಾಯುವವನ ನಾಲಿಗೆ ಮಾತ್ರ ಉಪವಾಸ ಮಾಡಿತು. ಕಣ್ಣು ಹೊಟ್ಟೆತುಂಬ ಉಂಡಿತು.

ಹಾಗಾದರೆ ಆ ಗೃಹಸ್ಥನು ಮಾಡಬೇಕಾದುದೇನು? ಎಲ್ಲವನ್ನೂ ಒಮ್ಮೆಗೇ ಬೀದಿಗೆ ಎಸೆಯಬೇಕಾಗಿಲ್ಲ. ಆವೇಶದಿಂದ ಬಿಟ್ಟದ್ದು ಆವೇಶದಿಂದಲೇ ಮರಳಿ ಬರುತ್ತದೆ. ಜೀವಮಾನದುದ್ದಕ್ಕೂ ಹಿಡಿಯುವುದು ಯಮ, ಕಾಲಮಿತಿಯಿಂದ ಹಿಡಿಯುವುದು ನಿಯಮ, ಎರಡನ್ನೂ ಬಳಸಿಕೊಳ್ಳಬಹುದು. ಪಣವಿರುವ ಆಟವನ್ನೂ ಮುಚ್ಚಿದ ಪೊಟ್ಟಣಗಳ ಖರೀದಿಯನ್ನೂ ದ್ಯೂತದ ಅಂಗವೆಂದು ತಿಳಿದು ಯಮವಾಗಿ ಬಿಡುವುದು ಉಚಿತ. ಪೆಟ್ಟಿಗೆಗಳ ವಿಷಯದಲ್ಲಿ ಒಂದು ವರ್ಷದ ನಿಯಮ ಸಾಕು: ಪೆಟ್ಟಿಗೆಗಳನ್ನು ಒಂದೊಂದಾಗಿ ಎಣಿಸಿ ಬರೆಯುವುದು, ಆಡಲು ಸಾಧ್ಯವಿರುವಷ್ಟಕ್ಕೆ ಸಂಖ್ಯೆಯನ್ನು ನಿಶ್ಚಯಿಸುವುದು, ಮಿಕ್ಕದ್ದನ್ನು ಶಾಲೆಗೋ ವಿದ್ಯಾರ್ಥಿನಿಲಯಕ್ಕೋ ಕೊಡುವುದು, ವರ್ಷದೊಳಗೆ ಹೊಸದನ್ನು ತರದಿರುವುದು, ಪರ್ವದಿನಗಳಲ್ಲಿ ಕಪಾಟನ್ನು ತೆರೆಯದಿರುವುದು. ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರೂ ಇದೆ. ಸಂಖ್ಯೆಯು ಬೇಲಿ ಮಾತ್ರ. ಬೇಲಿಯಾಚೆಗಿನದರಲ್ಲಿ ನಿಃಸ್ಪೃಹತೆ ಬಂದರೆ ವ್ರತವು ಫಲಿಸಿತು. ಮಿತಿಯನ್ನು 140ಕ್ಕೆ ಬದಲಾಗಿ 200 ಎಂದು ಬರೆದುಕೊಂಡವನು ವ್ರತವನ್ನಲ್ಲ, ಖರೀದಿಯ ಪರವಾನಗಿಯನ್ನು ಪಡೆದಂತೆ.

ಆತನ ಕಪಾಟಿನಲ್ಲೇ ಇದಕ್ಕೆ ಒಂದು ಪಾಠವಿದೆ. ದಂತ ತಂತ್ರಜ್ಞರಾಗಿದ್ದ ಜರ್ಮನಿಯ ಕ್ಲಾಸ್ ಟಾಯ್ಬರ್ (ಮರಣ 2023) ಎಂಬವರು ರಚಿಸಿ 1995ರಲ್ಲಿ ಪ್ರಕಟವಾದ ‘ಕಟಾನ್’ ಎಂಬ ಆಟದಲ್ಲಿ ಮರ, ಇಟ್ಟಿಗೆ, ಕುರಿ, ಗೋಧಿ, ಅದಿರುಗಳ ಕಾರ್ಡುಗಳನ್ನು ಕೂಡಿಸಿ ಊರು ಕಟ್ಟಬೇಕು. ಎರಡು ದಾಳಗಳ ಮೊತ್ತ 7 ಬಿದ್ದಾಗ, ಕೈಯಲ್ಲಿ 7ಕ್ಕಿಂತ ಹೆಚ್ಚು ಕಾರ್ಡುಗಳಿರುವವನು ಅವುಗಳ ಅರ್ಧವನ್ನು ಬಿಟ್ಟುಕೊಡಲೇಬೇಕು. ಆದ್ದರಿಂದ ಜಾಣ ಆಟಗಾರನು ಕೂಡಿಸಿಡುವುದಿಲ್ಲ; ಬಂದದ್ದನ್ನು ಬಳಸುತ್ತಾನೆ, ಇಲ್ಲವೇ ಕೊಟ್ಟು ತೆಗೆದುಕೊಳ್ಳುತ್ತಾನೆ. ಮೇಜಿನ ಮೇಲೆ ಪ್ರತಿ ಶನಿವಾರ ಈ ನಿಯಮವನ್ನು ಗೊಣಗದೆ ಪಾಲಿಸುವವನಿಗೆ ಬೆನ್ನ ಹಿಂದಿನ ಗೋಡೆಗೂ ಅದು ಸಲ್ಲುತ್ತದೆಂದು ತಿಳಿಯುವುದು ಕಷ್ಟವಾಗಲಾರದು. ಮೇಜಿನ ಮೇಲೆ ದಾಳವು ಬಿಡಿಸುತ್ತದೆ. ಸಂಸಾರದಲ್ಲಿ ಮರಣವು ಅರ್ಧವನ್ನಲ್ಲ, ಎಲ್ಲವನ್ನೂ ಬಿಡಿಸುತ್ತದೆ. ಅದಕ್ಕೆ ಮೊದಲು ತಾನಾಗಿ ಬಿಡುವವನೇ ವ್ರತಿ.

ಇದು ಯುವಕರಿಗೆ ಮಾತ್ರ ಹೇಳಿದ ಮಾತಲ್ಲ. ಪೆಟ್ಟಿಗೆಯಲ್ಲಿ ಮಡಿಕೆ ಬಿಚ್ಚದ ರೇಷ್ಮೆ ಸೀರೆ, ಅಟ್ಟದ ಮೇಲೆ ಒಲೆ ಕಾಣದ ಹಿತ್ತಾಳೆಯ ಪಾತ್ರೆ, ಹಿರಿಯರ ಕಪಾಟಿನಲ್ಲಿ ಪುಟ ತೆರೆಯದ ಪುಸ್ತಕ ಇವೆಲ್ಲವೂ ಅದೇ ಗೋಡೆಯ ಭಾಗಗಳು. ಈ ಸಲದ ಆಕಿಂಚನ್ಯದ ದಿನ ಬಸದಿಗೆ ಹೊರಡುವ ಮುನ್ನ ಪ್ರತಿಯೊಬ್ಬ ಶ್ರಾವಕ-ಶ್ರಾವಿಕೆಯೂ ಮನೆಯ ಒಂದು ಕಪಾಟಿನ ಬಾಗಿಲನ್ನು ತೆರೆದು, ಆ ತಾಯಿ ಕೇಳಿದ ಪ್ರಶ್ನೆಯನ್ನು ತಮ್ಮನ್ನು ತಾವೇ ಕೇಳಿಕೊಳ್ಳಲಿ.