ನಾಲ್ಕು ತಿಂಗಳ ವಸತಿ

ತದ್ಭವಗಳ ಪಾಠ ಬಂದಾಗಲೆಲ್ಲ ನಾನು ‘ಬಸದಿ’ ಎಂಬ ಶಬ್ದವನ್ನು ಉದಾಹರಣೆಯಾಗಿ ಕೊಡುವುದುಂಟು. ಸಂಸ್ಕೃತದ ‘ವಸತಿ’ ಕನ್ನಡದಲ್ಲಿ ‘ಬಸದಿ’ಯಾಯಿತು, ಇಷ್ಟು ಹೇಳಿ ಮುಂದಿನ ಶಬ್ದಕ್ಕೆ ಹೋಗಿಬಿಡುತ್ತಿದ್ದೆ. ಮನೆಮಾರುಗಳನ್ನು ಬಿಟ್ಟು ಹೊರಟವರಿಗೆ ವಸತಿಯೇಕೆ ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ತೀರ ಈಚೆಗೆ.

ಬೆಳಗಾವಿಯ ಕೋಟೆಯೊಳಗಿನ ಕಮಲಬಸದಿಯನ್ನು ಅನೇಕರು ನೋಡಿರಬಹುದು. ರಟ್ಟರ ಅರಸು ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ್ದು. ಮಂಟಪದ ಛತ್ತಿನಲ್ಲಿ 72 ದಳಗಳ ಕಲ್ಲಿನ ಕಮಲವೊಂದು ಕೆಳಮುಖವಾಗಿ ಅರಳಿದೆ. ಸಮೀಪದಲ್ಲಿಯೇ ಚಿಕ್ಕಿ ಬಸದಿ ಪಾಳುಬಿದ್ದು ನಿಂತಿದೆ. ಶಾಸನದ ಪ್ರಕಾರ ಈ ಜಿನಾಲಯಕ್ಕೆ ಬಿಟ್ಟ ದತ್ತಿಯನ್ನು ಶುಭಚಂದ್ರ ಭಟ್ಟಾರಕರ ಕೈಗೆ ಒಪ್ಪಿಸಲಾಯಿತು. ಮುನಿಗೊಂದು ಮನೆ, ಮನೆಗೆ ಭೂಮಿ, ಭೂಮಿಗೆ ಲೆಕ್ಕಪತ್ರ. ಮುಂಬಾಗಿಲಿನಿಂದ ಹೊರಹಾಕಿದ ಸಂಸಾರ ಹಿತ್ತಲ ಬಾಗಿಲಿನಿಂದ ಮರಳಿ ಬಂದಂತಾಗಲಿಲ್ಲವೆ?

ಈ ಸಂಶಯವನ್ನು ಹೊತ್ತುಕೊಂಡೇ ಆಷಾಢದ ಒಂದು ಭಾನುವಾರ ಖಾನಾಪುರದ ಮೇಲೆ ಹಾಯ್ದು ಹಲಸಿಗೆ ಹೋದೆ. ಕದಂಬರ ಕಾಲದ ಪಲಾಶಿಕೆ ಇದೇ. ಬಂದವರೆಲ್ಲ ಭೂವರಾಹ ನರಸಿಂಹನ ಗುಡಿಗೆ ಹೋಗುತ್ತಾರೆ. ಪಾಳುಬಸದಿಯ ಕಡೆಗೆ ಹೊರಳುವವರು ಕಡಿಮೆ. ಅಲ್ಲಿ ನಿಂತಿದ್ದಾಗ ಮಳೆ ಹಿಡಿಯಿತು. ಖಾನಾಪುರದ ಮಳೆಯನ್ನು ಬಲ್ಲವರಿಗೆ ಅದನ್ನು ವರ್ಣಿಸಿ ಹೇಳಬೇಕಾಗಿಲ್ಲ.

ಹಲಸಿಯಲ್ಲಿ ದೊರೆತ ರವಿವರ್ಮನ ತಾಮ್ರಶಾಸನ ಆಗ ನೆನಪಾಯಿತು. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದಿನದು. ಕಾರ್ತಿಕದಲ್ಲಿ ಎಂಟು ದಿನ ಜಿನಪೂಜೆ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಊಟ ನಡೆಯಬೇಕು ಎಂದು ಅದರಲ್ಲಿ ಕಟ್ಟಳೆಯಿದೆ. ಜೈನಮುನಿಗಳು ಊರಿಂದೂರಿಗೆ ನಡೆಯುವವರು. ಮಳೆ ಬಿದ್ದೊಡನೆ ನೆಲದಲ್ಲಿ ಹುಳುಹುಪ್ಪಟೆ ಹುಟ್ಟುತ್ತವೆ, ಹಸುರು ಮೊಳೆಯುತ್ತದೆ. ಕಾಲ ಕೆಳಗೆ ಜೀವ ಸಾಯಬಾರದೆಂದು ಅವರು ಒಂದೆಡೆ ನಿಲ್ಲುತ್ತಾರೆ. ಹಾಗಾದರೆ ಆ ಸೂರು ಮುನಿಯ ಸುಖಕ್ಕೆಂದಲ್ಲ, ಹುಳುವಿನ ಪ್ರಾಣಕ್ಕೆಂದು. ಭೂಮಿಕಾಣಿಗಳು ಬೆಳೆದು ತ್ಯಾಗವನ್ನು ಮರೆಸಿದ್ದೂ ಇದ್ದೀತು. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಗೋಡೆಯನ್ನು ಒಮ್ಮೆ ಕಟ್ಟಿದರಾಯಿತು, ಅನ್ನವನ್ನು ವರ್ಷವರ್ಷವೂ ಬೇಯಿಸಬೇಕು. ಶಾಸನ ಊರಿನವರ ಮೇಲೆ ಹೊರಿಸಿದ್ದು ಈ ಎರಡನೆಯ ಭಾರವನ್ನು.

ಮನೆ ಬಿಟ್ಟವನಿಗೆ ಮನೆಯೇಕೆ ಎಂದು ಕೇಳುತ್ತಿದ್ದವನಿಗೆ, ಮನೆ ಇದ್ದವನ ಮನೆ ಯಾತಕ್ಕೆ ಎಂಬ ಪ್ರಶ್ನೆ ಎದುರಾಯಿತು. ಜೂನ್ ಮೊದಲ ವಾರ ಖಾನಾಪುರದ ಕಾಡಂಚಿನ ಹಳ್ಳಿಯ ನನ್ನ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮಳೆಗಾಲದಲ್ಲಿ ಹಳ್ಳದ ನೀರು ಏರಿದರೆ ಅವನ ಊರಿಗೆ ಬಸ್ಸು ಬರುವುದಿಲ್ಲ. “ಸರ, ಮಳಿಗಾಲ ಮುಗಿಯೂತನಕ ನಾಲ್ಕ ತಿಂಗಳ ನಿಮ್ಮ ಮ್ಯಾಲಿನ ಖೋಲ್ಯಾಗ ಇರ್ತೀನ್ರಿ,” ಎಂದ. ಆ ಖೋಲಿಯಲ್ಲಿ ನನ್ನ ಪುಸ್ತಕಗಳಿವೆ. “ನೋಡೂಣಪ್ಪ” ಎಂದು ಸಾಗಹಾಕಿದ್ದೆ. ಆ ಪುಸ್ತಕಗಳಲ್ಲಿ ಹಲಸಿಯ ಶಾಸನಗಳೂ ಇದ್ದವೆಂಬುದನ್ನು ಓದುಗರಿಂದ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮರುದಿನ ಅವನನ್ನು ಕರೆದು ಬಾ ಎಂದೆ. ಗೆಳೆಯನ ಮನೆಯಲ್ಲಿ ಅನುಕೂಲವಾಗಿದೆಯೆಂದು ವಿನಯದಿಂದಲೇ ಹೇಳಿದ. ಪುಸ್ತಕಗಳನ್ನು ಒಂದು ಗೋಡೆಗೆ ಸರಿಸಿ ಜಾಗ ಮಾಡಿಟ್ಟಿದ್ದೇನೆ. ಮುಂದಿನ ವರ್ಷವೂ ಮಳೆ ಬರುತ್ತದೆ.